ಮೂತ್ರಕೋಶದಲ್ಲಿ ಗಡ್ಡೆ: ಅಪರೂಪಕ್ಕೆ ಅದು ಲಿಂಫೋಮ

"ಯೂರಿನ್ ಇನ್‌ಫೆಕ್ಷನ್ ಡಾಕ್ಟ್ರೇ, ಮಾತ್ರೆ ತಗೊಂಡ್ರೆ ಕಡಿಮೆ ಆಗುತ್ತೆ, ಮತ್ತೆ ಬರುತ್ತೆ." ಐವತ್ತು ದಾಟಿದ ಹೆಣ್ಣುಮಕ್ಕಳಿಂದ ಯೂರಾಲಜಿ ವಿಭಾಗದಲ್ಲಿ ಈ ಮಾತು ಕೇಳುತ್ತಲೇ ಇರುತ್ತೇವೆ. ಹೆಚ್ಚಿನವರಿಗೆ ಅದು ಬರೀ ಸೋಂಕೇ. ಆದರೆ ನೋವಿಲ್ಲದೆ ಮೂತ್ರದಲ್ಲಿ ರಕ್ತ ಕಂಡರೆ, ಒಂದೇ ಸಲ ಕಂಡರೂ, ಸುಮ್ನೆ ಕೂರಬೇಡಿ. ಸ್ಕ್ಯಾನ್ ಮಾಡಿಸಿ, ಸಿಸ್ಟೋಸ್ಕೋಪಿಯೂ (ಸಣ್ಣ ಕ್ಯಾಮೆರಾದಿಂದ ಮೂತ್ರಕೋಶದ ಒಳಗೆ ನೋಡುವ ಪರೀಕ್ಷೆ) ಆಗಲಿ.

ಮೂತ್ರಕೋಶದ ಮಾಮೂಲಿ ಕ್ಯಾನ್ಸರ್ ಒಳಪದರದಲ್ಲೇ ಹುಟ್ಟುತ್ತದೆ. ಕ್ಯಾಮೆರಾದಲ್ಲಿ ಎಷ್ಟೋ ಸಲ ಹೂಕೋಸಿನ ಹಾಗೆ ಕಾಣುತ್ತದೆ. ಲಿಂಫೋಮ ಬೇರೆ ಥರ. ಅದು ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ಕ್ಯಾನ್ಸರ್. ಮೇಲಿನ ಪದರ ನುಣ್ಣಗೆ ಹಾಗೇ ಇರುತ್ತದೆ, ಗಡ್ಡೆ ಅದರ ಅಡಿಯಿಂದ ಉಬ್ಬಿರುತ್ತದೆ. ಹಾಗಾಗಿ ಮೂತ್ರದಲ್ಲಿ ಕ್ಯಾನ್ಸರ್ ಕೋಶ ಹುಡುಕಿದರೆ ಏನೂ ಸಿಗದಿರಬಹುದು. ಬಯಾಪ್ಸಿಗೆ ಆಳದಿಂದಲೇ ಚೂರು ತೆಗೆಯಬೇಕು.

ಮೂತ್ರಕೋಶದ ಗಡ್ಡೆಗಳಲ್ಲಿ ಇದರ ಪಾಲು ಶೇ. 1ಕ್ಕಿಂತ ಕಡಿಮೆ. ಹೆಂಗಸರಲ್ಲೇ ಜಾಸ್ತಿ. ಕೆಲವರಲ್ಲಿ ಹಳೆಯ, ಪದೇಪದೇ ಮರುಕಳಿಸುವ ಮೂತ್ರಕೋಶದ ಉರಿಯೂತದ ಹಿನ್ನೆಲೆ ಇರುತ್ತದೆ.

ಇಷ್ಟು ಅಪರೂಪದ್ದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಚಿಕಿತ್ಸೆಯೇ ಬೇರೆ. ಸ್ನಾಯುವಿಗೆ ಇಳಿದ ಮಾಮೂಲಿ ಕ್ಯಾನ್ಸರ್‌ಗೆ ಎಷ್ಟೋ ಸಲ ಮೂತ್ರಕೋಶವನ್ನೇ ತೆಗೆಯಬೇಕಾಗುತ್ತದೆ. ಲಿಂಫೋಮಕ್ಕೆ ಸಾಮಾನ್ಯವಾಗಿ ಅದು ಬೇಕಿಲ್ಲ. ಸ್ಕ್ಯಾನ್ ನೋಡಿ ಗಾಬರಿಯಾದ ಮನೆಯವರು "ಬೇಗ ತೆಗೆದುಬಿಡಿ" ಅನ್ನುತ್ತಾರೆ. ಅವರ ಸಂಕಟ ಅರ್ಥವಾಗುತ್ತದೆ, ಆದರೂ ಬಯಾಪ್ಸಿ ವರದಿಗೆ ಕಾಯಲೇಬೇಕು. ಸೂಕ್ಷ್ಮದರ್ಶಕದಲ್ಲಿ ಬರೀ ಸಣ್ಣ ದುಂಡು ಕೋಶಗಳು ಕಂಡರೆ ಇಮ್ಯುನೊಹಿಸ್ಟೊಕೆಮಿಸ್ಟ್ರಿ ಬೇಕು, ಅಂದರೆ ಕೋಶದ ಗುರುತಿನ ಪ್ರೋಟೀನ್‌ಗಳನ್ನು ಪತ್ತೆಹಚ್ಚುವ ಪರೀಕ್ಷೆ. ಅದರಲ್ಲಿ ಸಿಡಿ20 (ಬಿ-ಕೋಶ ಎಂಬ ಬಗೆಯ ಲಿಂಫೋಸೈಟ್‌ನ ಗುರುತು) ಪಾಸಿಟಿವ್, ಸೈಟೊಕೆರಾಟಿನ್ (ಒಳಪದರದ ಕೋಶಗಳ ಗುರುತು) ನೆಗೆಟಿವ್ ಬಂದರೆ ಬಿ-ಕೋಶದ ಲಿಂಫೋಮದ ಕಡೆ ಬಲವಾದ ಸುಳಿವು. ಈ ಪರೀಕ್ಷೆಗೆ ಕೆಲವು ದಿನ ಹಿಡಿಯುತ್ತದೆ, ಖರ್ಚೂ ಇದೆ. ಆದರೆ ಒಂದು ಅಂಗ ಉಳಿಯುವ ಪ್ರಶ್ನೆ ಅಲ್ವಾ?

ರೋಗ ಬೇರೆಡೆ ಇದೆಯೇ ಎಂದು ನೋಡಲು ಪೆಟ್-ಸಿಟಿ ಎಂಬ ಇಡೀ ದೇಹದ ಸ್ಕ್ಯಾನ್ ಮಾಡಿಸುತ್ತೇವೆ. ಅದಕ್ಕೆ ಕೊಡುವ ಔಷಧಿ ಮೂತ್ರದಲ್ಲೇ ಹೊರಹೋಗುವುದರಿಂದ ಮೂತ್ರಕೋಶ ಹೇಗೂ ಹೊಳೆಯುತ್ತದೆ. ವರದಿಯಲ್ಲಿ ಆ ಹೊಳಪು ಕಂಡ ತಕ್ಷಣ ಹೆದರಬೇಡಿ.

ಮೂತ್ರಕೋಶದ ಲಿಂಫೋಮಗಳಲ್ಲಿ ನಿಧಾನವಾಗಿ ಬೆಳೆಯುವ 'ಮಾಲ್ಟ್' ಎಂಬ ಬಗೆಯೇ ಹೆಚ್ಚು. ಒಂದೇ ಕಡೆ ಇದ್ದರೆ ಕಡಿಮೆ ಪ್ರಮಾಣದ ರೇಡಿಯೇಶನ್ನಿಗೆ ಚೆನ್ನಾಗಿ ಕರಗುತ್ತದೆ. ವೇಗವಾಗಿ ಬೆಳೆಯುವ ಬಗೆಯಾದರೆ ರಿಟುಕ್ಸಿಮ್ಯಾಬ್ (ಸಿಡಿ20 ಇರುವ ಕೋಶಗಳನ್ನು ಗುರಿಯಾಗಿಸುವ ಔಷಧಿ) ಜೊತೆ ಕಿಮೋಥೆರಪಿ, ಸಾಮಾನ್ಯವಾಗಿ 21 ದಿನಕ್ಕೊಮ್ಮೆ. ರಿಟುಕ್ಸಿಮ್ಯಾಬ್ ಶುರು ಮಾಡುವ ಮೊದಲು ಹೆಪಟೈಟಿಸ್-ಬಿ ಪರೀಕ್ಷೆ ಕಡ್ಡಾಯ, ಅಡಗಿದ ವೈರಸ್ ಮತ್ತೆ ಕೆರಳಬಹುದು. ಮಾಲ್ಟ್ ಬಗೆ ವರ್ಷಗಳ ನಂತರವೂ ಮರಳಬಹುದು, ಆದ್ದರಿಂದ ವಾಸಿಯಾದ ಮೇಲೂ ತಪಾಸಣೆಗೆ ಬರುತ್ತಿರಬೇಕು.