ಮೂರು ಆಮೆ, ಒಂದು ಮೀನು, ನಲವತ್ತು ಪ್ರಶ್ನೆ

ಇಂಗ್ಲಿಷ್ ಎಷ್ಟು ಬರುತ್ತದೆ ಅಂತ ಅಳೆಯುವ ಐಇಎಲ್‌ಟಿಎಸ್ ಪರೀಕ್ಷೆಗೆ ತಯಾರಿ ಶುರು ಮಾಡಿದಾಗ ನಾನು ಮಾಡಿದ ಮೊದಲ ದಡ್ಡ ಕೆಲಸ, ಫೋನಿಗೆ ಒಂದು ಸ್ಪೀಡ್ ರೀಡಿಂಗ್ ಆ್ಯಪ್ ಹಾಕಿಕೊಂಡಿದ್ದು. ಪರದೆಯ ನಡುವೆ ಒಂದೊಂದೇ ಪದ ಪಟಪಟ ಅಂತ ಬಂದು ಹೋಗುತ್ತಿತ್ತು. ನಿಮಿಷಕ್ಕೆ 500 ಪದ ಓದಿದಿರಿ, ಶಭಾಷ್ ಅನ್ನುತ್ತಿತ್ತು. ಏನು ಓದಿದೆ ಅಂತ ಯಾರಾದರೂ ಕೇಳಿದ್ದರೆ ಬೆಬ್ಬೆಬ್ಬೆ ಅನ್ನಬೇಕಿತ್ತು.

ಓದುವಾಗ ಕಣ್ಣು ಸಾಲಿನ ಮೇಲೆ ನುಣ್ಣಗೆ ಜಾರಿಕೊಂಡು ಹೋಗುತ್ತದೆ ಅಂತ ನಮಗೆ ಅನ್ನಿಸುತ್ತದೆ. ಹಾಗಲ್ಲ, ಅದು ಕಪ್ಪೆಯ ಹಾಗೆ ಕುಪ್ಪಳಿಸುತ್ತದೆ. 19ನೇ ಶತಮಾನದ ಕೊನೆಯ ಹೊತ್ತಿಗೇ ಪ್ಯಾರಿಸ್‌ನ ಕಣ್ಣಿನ ವೈದ್ಯ ಎಮಿಲ್ ಜವಾಲ್ ಅವರ ಪ್ರಯೋಗಾಲಯದಲ್ಲಿ ಇದನ್ನು ಗಮನಿಸಿದ್ದರು. ಇಂಗ್ಲಿಷ್ ಓದುವಾಗ ಒಂದು ನೆಗೆತಕ್ಕೆ ಸುಮಾರು 7ರಿಂದ 9 ಅಕ್ಷರ. ನೆಗೆದು ಇಳಿದಲ್ಲಿ ಹೆಚ್ಚುಕಡಿಮೆ ಕಾಲು ಸೆಕೆಂಡ್ ನಿಲ್ಲುತ್ತದೆ. ನಾವು ಓದುವುದು ಹಾಗೆ ನಿಂತಾಗ ಮಾತ್ರ. ಹತ್ತು ನೆಗೆತದಲ್ಲಿ ಒಂದಾದರೂ ಹಿಂದಕ್ಕೆ ಇರುತ್ತದೆ, ಕೈತಪ್ಪಿದ ಅರ್ಥವನ್ನು ಹೆಕ್ಕಿಕೊಂಡು ಬರೋದಕ್ಕೆ. ನನ್ನ ಆ್ಯಪ್ ಕಿತ್ತುಕೊಂಡಿದ್ದು ಇದನ್ನೇ. ಅದರಲ್ಲಿ ಹೋದ ಪದ ಹೋಯಿತು.

ಅಷ್ಟಕ್ಕೂ ವೇಗ ಎಷ್ಟು ಬೇಕು? ಪರೀಕ್ಷೆಯ ಓದುವ ಭಾಗವಾದ ಅಕಾಡೆಮಿಕ್ ರೀಡಿಂಗ್‌ನಲ್ಲಿ 3 ಪ್ಯಾಸೇಜ್, 40 ಪ್ರಶ್ನೆ, 60 ನಿಮಿಷ. ಮೂರೂ ಸೇರಿ 2,150ರಿಂದ 2,750 ಪದ. ಇಂಗ್ಲಿಷ್ ಓದುವ ವೇಗದ ಬಗ್ಗೆ ನಡೆದ ಅಧ್ಯಯನಗಳನ್ನೆಲ್ಲ ಬೆಲ್ಜಿಯಂನ ಮನಶ್ಶಾಸ್ತ್ರಜ್ಞ ಮಾರ್ಕ್ ಬ್ರಿಸ್‌ಬಾರ್ಟ್ 2019ರಲ್ಲಿ ಒಟ್ಟುಗೂಡಿಸಿ ನೋಡಿದರು. ಕತೆ-ಕಾದಂಬರಿಯಲ್ಲದ ಬರಹವನ್ನು ದೊಡ್ಡವರು ಮನಸ್ಸಿನಲ್ಲೇ ಓದಿಕೊಳ್ಳುವ ಸರಾಸರಿ ವೇಗ ನಿಮಿಷಕ್ಕೆ 238 ಪದ. ಲೆಕ್ಕ ಹಾಕಿ. 2,750 ಪದಕ್ಕೆ 12 ನಿಮಿಷವೂ ಬೇಡ. ನಾವು ಅದರ ಅರ್ಧ ವೇಗದಲ್ಲಿ ಓದಿದರೂ 24 ನಿಮಿಷದೊಳಗೆ ಮುಗಿಯುತ್ತದೆ. ಮಿಕ್ಕ 36 ನಿಮಿಷ ಹೋಗುವುದು ಹುಡುಕುವುದರಲ್ಲಿ, ಮತ್ತೆ ಓದುವುದರಲ್ಲಿ, ತಲೆ ಕೆರೆದುಕೊಳ್ಳುವುದರಲ್ಲಿ.

ಒಂದು ಕಾರಣ ಪದಗಳು. ಹು ಮತ್ತು ಪಾಲ್ ನೇಷನ್ ಎಂಬಿಬ್ಬರು ಭಾಷಾ ಸಂಶೋಧಕರು 2000ದಲ್ಲಿ ಒಂದು ಪ್ರಯೋಗದ ವಿವರ ಪ್ರಕಟಿಸಿದರು. ಒಂದು ಕತೆಯ ಕೆಲವು ಪದ ತೆಗೆದು, ಅಲ್ಲಿ ಅರ್ಥವೇ ಇಲ್ಲದ ಪದ ತುಂಬಿ ಓದಲು ಕೊಟ್ಟಿದ್ದರು. ನೂರರಲ್ಲಿ 80 ಪದ ಗೊತ್ತಿದ್ದವರು ಯಾರಿಗೂ ಕತೆ ಸರಿಯಾಗಿ ದಕ್ಕಲಿಲ್ಲ. ಹೆಚ್ಚಿನವರು ಯಾರ ನೆರವೂ ಇಲ್ಲದೆ ಓದಬೇಕಾದರೆ 98 ಪದ ಗೊತ್ತಿರಬೇಕು ಅನ್ನುವುದು ಅವರ ಲೆಕ್ಕ. ಅದರ ಮೇಲೆ ಪರೀಕ್ಷೆಯವರ ಕಿತಾಪತಿ ಬೇರೆ. ಪ್ಯಾಸೇಜಿನಲ್ಲಿ ‘ರೇರ್’ ಇದ್ದರೆ ಪ್ರಶ್ನೆಯಲ್ಲಿ ‘ನಾಟ್ ಕಾಮನ್’ ಇರುತ್ತದೆ. ಹಾಗಾಗಿ ಸುಮ್ನೆ ಪದಗಳ ಪಟ್ಟಿ ಉರು ಹೊಡೆಯುವ ಬದಲು ಅಕ್ಕ-ತಂಗಿ ಪದಗಳನ್ನು ಜೊತೆಯಾಗಿ ಕಲಿತರೆ ಲಾಭ ಜಾಸ್ತಿ.

ನಿಜವಾಗಿ ಕಾಡುವುದು ಟ್ರೂ, ಫಾಲ್ಸ್, ನಾಟ್ ಗಿವನ್ ಪ್ರಶ್ನೆಗಳು. ಕೊಟ್ಟ ಹೇಳಿಕೆಯನ್ನು ಪ್ಯಾಸೇಜ್ ಒಪ್ಪಿದರೆ ಟ್ರೂ, ಅಲ್ಲಗಳೆದರೆ ಫಾಲ್ಸ್, ಅದರ ಬಗ್ಗೆ ಏನೂ ಹೇಳದಿದ್ದರೆ ನಾಟ್ ಗಿವನ್. ಕನ್ನಡದಲ್ಲೇ ಆಡಿ ನೋಡೋಣ. ಇದು ಪ್ಯಾಸೇಜ್ ಅಂದುಕೊಳ್ಳಿ: ‘ಶಿವನಸಮುದ್ರದ ಜಲವಿದ್ಯುತ್ ಕೇಂದ್ರ 1902ರಲ್ಲಿ ಶುರುವಾಗಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಕೊಟ್ಟಿತು. ಬೆಂಗಳೂರಿನ ಬೀದಿಗಳಿಗೆ ವಿದ್ಯುತ್ ದೀಪ ಬಂದಿದ್ದು 1905ರಲ್ಲಿ.’ ಈಗ ಪ್ರಶ್ನೆ: ‘ಬೆಂಗಳೂರಿನ ಬೀದಿ ದೀಪಗಳು ಉರಿದದ್ದು ಶಿವನಸಮುದ್ರದ ವಿದ್ಯುತ್ತಿನಿಂದ.’

ಟ್ರೂ ಅಂದಿರಾ? ಉತ್ತರ ನಾಟ್ ಗಿವನ್. ಇತಿಹಾಸದಲ್ಲಿ ಅದು ನಿಜವೇ. ಆದರೆ ಆ ಎರಡು ವಾಕ್ಯಗಳಲ್ಲಿ ಎಲ್ಲಿದೆ ಹೇಳಿ? ಎರಡರ ನಡುವೆ ತಂತಿ ಎಳೆದವರು ನೀವು. ಬೀದಿ ದೀಪ ಬಂದಿದ್ದು ಗಣಿಗೆ ವಿದ್ಯುತ್ ಸಿಗುವುದಕ್ಕಿಂತ ಮೊದಲು ಅಂತ ಪ್ರಶ್ನೆ ಇದ್ದಿದ್ದರೆ ಅದು ಫಾಲ್ಸ್, ಯಾಕೆಂದರೆ ಇಸವಿಗಳೇ ಅದನ್ನು ಅಲ್ಲಗಳೆಯುತ್ತವೆ.

ಈ ತಂತಿ ಎಳೆಯುವ ಚಾಳಿಯನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಬ್ರಾನ್ಸ್‌ಫೋರ್ಡ್ ಮತ್ತು ಜೊತೆಗಾರರು 1972ರಲ್ಲೇ ತೋರಿಸಿದ್ದರು. ‘ತೇಲುವ ಮರದ ದಿಮ್ಮಿಯ ಮೇಲೆ ಮೂರು ಆಮೆ ಕೂತಿದ್ದವು, ಅವುಗಳ ಕೆಳಗೆ ಒಂದು ಮೀನು ಈಜಿತು’ ಅನ್ನುವಂಥ ವಾಕ್ಯಗಳನ್ನು ಜನರಿಗೆ ಕೇಳಿಸಿದರು. ಆಮೇಲೆ ‘ದಿಮ್ಮಿಯ ಕೆಳಗೆ ಮೀನು ಈಜಿತು’ ಅಂತ ಬದಲಿಸಿ, ಇದನ್ನು ಕೇಳಿದ್ದಿರಾ ಎಂದರು. ಹೌದು, ಇದನ್ನೇ ಕೇಳಿದ್ದು ಅಂತ ಎಷ್ಟೋ ಜನ ಹೇಳಿದರು. ಆಮೆಗಳು ದಿಮ್ಮಿಯ ಪಕ್ಕದಲ್ಲಿದ್ದವು ಅಂತ ಕೇಳಿಸಿಕೊಂಡವರು ಅಷ್ಟಾಗಿ ಮೋಸಹೋಗಲಿಲ್ಲ. ಅಂದರೆ ತಲೆಯಲ್ಲಿ ಉಳಿದಿದ್ದು ಪದಗಳಲ್ಲ, ಚಿತ್ರ. ಚಿತ್ರದಲ್ಲಿ ಮೀನು ದಿಮ್ಮಿಯ ಕೆಳಗೂ ಇದೆ ಅಲ್ವಾ!

ಇದನ್ನು ಕಾಯಿಲೆ ಅನ್ನಬೇಡಿ. ಹೀಗೆ ತುಂಬಿಕೊಳ್ಳದೆ ಹೋದರೆ ಒಂದು ಕತೆಯನ್ನೂ ಓದಲಾರೆವು. ನಾಟ್ ಗಿವನ್ ಪ್ರಶ್ನೆ ಕೇಳುವುದು ಮಾತ್ರ ಅದರ ಉಲ್ಟಾ ಕೆಲಸ. ಅದಕ್ಕೆ ನಾನು ಕಂಡುಕೊಂಡ ಉಪಾಯ ಪೆನ್ಸಿಲ್. ಟ್ರೂ ಅಥವಾ ಫಾಲ್ಸ್ ಬರೆಯುವ ಮೊದಲು ಅದನ್ನು ಹೇಳುವ ಅಥವಾ ಅಲ್ಲಗಳೆಯುವ ಸಾಲಿಗೆ ಗೆರೆ ಎಳೆಯಬೇಕು. ಎಳೆಯಲು ಸಾಲೇ ಸಿಗದಿದ್ದರೆ ನಾಟ್ ಗಿವನ್. ಖಾಲಿ ಮಾತ್ರ ಬಿಡಬೇಡಿ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ.

ಮಾದರಿ ಪರೀಕ್ಷೆಯೊಂದರಲ್ಲಿ ಹಿಮನದಿಗಳ ಬಗ್ಗೆ ಒಂದು ಪ್ಯಾಸೇಜ್ ಇತ್ತು. ಹಿಮನದಿಯನ್ನು ನಾನು ಚಿತ್ರದಲ್ಲಿ ಬಿಟ್ಟರೆ ನೋಡಿಲ್ಲ. ಪೂರ್ತಿ ಅಂಕ ಬಂತು. ಇನ್ನೊಂದು ಜೇನುನೊಣಗಳ ಬಗ್ಗೆ. ನಮ್ಮ ಮನೆಯ ಹಿತ್ತಿಲಲ್ಲಿ ನಾಲ್ಕು ಜೇನುಪೆಟ್ಟಿಗೆ ಇವೆ, ಪೆನ್ಸಿಲ್ ಯಾಕೆ ಅಂತ ಪಕ್ಕಕ್ಕಿಟ್ಟೆ. ಅತಿ ಹೆಚ್ಚು ತಪ್ಪಾಗಿದ್ದು ಅದರಲ್ಲೇ.