ಫ್ರಿಜ್ಜಿನಲ್ಲಿ ಕಟ್ಟಿದ ಕೆನೆ

ಕೊಬ್ಬು ಮತ್ತು ಹೃದ್ರೋಗದ ಮೇಲೆ ಸಂಶೋಧನೆ ಮಾಡುತ್ತಿದ್ದ ನಮ್ಮ ಮೇಷ್ಟ್ರು ಬೆಣ್ಣೆ ದೋಸೆ ಬಿಟ್ಟವರಲ್ಲ. ದಾವಣಗೆರೆಯಲ್ಲಿದ್ದು ಅದು ಆಗೋ ಮಾತಾ?

ಒಂದು ದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನನ್ನಿಂದ ರಕ್ತ ತೆಗೆಸಿಕೊಂಡು ಹೋದರು. ಎರಡು ದೋಸೆ, ಆಲೂಗಡ್ಡೆ ಪಲ್ಯ, ಬಿಳಿ ಚಟ್ನಿ ಮುಗಿಸಿದರು. ಮೂರು ಗಂಟೆ ಬಿಟ್ಟು ಬಂದು ಮತ್ತೆ ತೋಳು ಚಾಚಿದರು. "ತೆಗಿಯೋ, ಇನ್ನೊಂದು ಟ್ಯೂಬು."

ರಕ್ತವನ್ನು ಗಿರಗಿರ ತಿರುಗಿಸಿ ಬೇರ್ಪಡಿಸುವ ಸೆಂಟ್ರಿಫ್ಯೂಜ್ ನಿಂತ ಮೇಲೆ ನೋಡಿದೆ. ಬೆಳಗಿನ ಸೀರಮ್, ಅಂದರೆ ಹೆಪ್ಪುಗಟ್ಟಿದ ರಕ್ತದ ಮೇಲೆ ನಿಲ್ಲುವ ನೀರು, ತೆಳು ಹಳದಿ, ತುಸು ಮಬ್ಬು. ದೋಸೆ ಆದಮೇಲಿನದು ನೀರು ಬೆರೆಸಿದ ಹಾಲಿನ ಹಾಗೆ! "ಬೇರೆ ಟ್ಯೂಬಿಗೆ ಬಗ್ಗಿಸಿ ಫ್ರಿಜ್ಜಲ್ಲಿಡು. ಅಲ್ಲಾಡಿಸಬೇಡ" ಎಂದರು.

ಮರುದಿನ ಆ ಟ್ಯೂಬಿನ ಮೇಲೆ ಬೆಳ್ಳಗೆ ಕೆನೆ ಕಟ್ಟಿತ್ತು. ಅದು ಕೈಲೋಮೈಕ್ರಾನ್. ತಿಂದ ಕೊಬ್ಬನ್ನು ನಮ್ಮ ಕರುಳು ಸಣ್ಣ ಸಣ್ಣ ಗಂಟು ಕಟ್ಟಿ ರಕ್ತಕ್ಕೆ ಕಳಿಸುತ್ತದೆ. ಗಂಟಿನ ತುಂಬ ಟ್ರೈಗ್ಲಿಸರೈಡ್ ಎಂಬ ಕೊಬ್ಬು. ಹಗುರ, ಅದಕ್ಕೇ ತೇಲುತ್ತದೆ.

"ಇದೇ ಅಲ್ವಾ ಸರ್ ಹಾರ್ಟಿಗೆ ಹೋಗೋದು?" ಎಂದೆ.

"ಮೇಲೆ ನೋಡಬೇಡ, ಕೆಳಗೆ ನೋಡು" ಎಂದರು. ಕೆನೆಯ ಕೆಳಗೆ ಮಬ್ಬು ಹಾಗೇ ಉಳಿದಿತ್ತು. ಅದು ವಿಎಲ್‌ಡಿಎಲ್, ಲಿವರ್ ಕಟ್ಟಿದ ಗಂಟು. ಅನ್ನ, ಸಕ್ಕರೆ ಜಾಸ್ತಿಯಾದರೂ ಲಿವರ್ ಅದನ್ನು ಕೊಬ್ಬು ಮಾಡಬಲ್ಲದು. ಇಡೀ ಕೈಲೋಮೈಕ್ರಾನ್ ದಪ್ಪ, ರಕ್ತನಾಳದ ಗೋಡೆಯೊಳಗೆ ತೂರುವುದಿಲ್ಲ. ತೂರುವುದು ಅದು ಕರಗಿ ಉಳಿದ ಚೂರು, ವಿಎಲ್‌ಡಿಎಲ್‌ನ ಚೂರು, ಕೊನೆಗೆ ಎಲ್‌ಡಿಎಲ್, ಜನ ಕೆಟ್ಟ ಕೊಲೆಸ್ಟ್ರಾಲ್ ಅನ್ನುವುದು. ಹಾಗಂತ ಬೆಣ್ಣೆಗೆ ಅವರು ಮಾಫಿ ಕೊಡಲಿಲ್ಲ. ರಕ್ತದಿಂದ ಎಲ್‌ಡಿಎಲ್ ಹಿಡಿದು ಒಳಗೆಳೆದುಕೊಳ್ಳುವ ಗ್ರಾಹಕಗಳು ಲಿವರ್ ಮೇಲಿವೆ. ಇವನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್‌ಗೆ 1985ರಲ್ಲಿ ನೊಬೆಲ್ ಬಂತು. ಬೆಣ್ಣೆಯಂಥ ಕೊಬ್ಬು ದಿನಾ ಹೋದರೆ ಆ ಗ್ರಾಹಕಗಳ ಕೆಲಸ ಕುಗ್ಗುತ್ತದೆ, ಎಲ್‌ಡಿಎಲ್ ರಕ್ತದಲ್ಲೇ ಉಳಿಯುತ್ತದೆ. "ವಾರಕ್ಕೊಮ್ಮೆ ದೋಸೆ. ದಿನಾ ಆದ್ರೆ ನೀನೇ ನನ್ನ ಪೇಷಂಟ್" ಅನ್ನುತ್ತಿದ್ದರು.

ಅವರಿಗೆ ತುಂಬ ಇಷ್ಟದ ಕಥೆ 1943ರದು. ಹಾನ್ ಎಂಬ ವಿಜ್ಞಾನಿ, ಕೊಬ್ಬು ತಿಂದ ನಾಯಿಗಳಿಗೆ ಹೆಪಾರಿನ್ ಚುಚ್ಚಿದ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಮದ್ದು ಅದು. ಹಾಲಿನಂತಿದ್ದ ಪ್ಲಾಸ್ಮಾ, ಅಂದರೆ ರಕ್ತದ ದ್ರವಭಾಗ, ತಿಳಿಯಾಗಿಬಿಟ್ಟಿತು! ನಾನೂ ಬುದ್ಧಿವಂತನ ಹಾಗೆ ದೋಸೆ ಸೀರಮ್ಮಿಗೆ ಎರಡು ಹನಿ ಹೆಪಾರಿನ್ ಬಿಟ್ಟೆ. ಏನೂ ಆಗಲಿಲ್ಲ. ಮೇಷ್ಟ್ರು ನಕ್ಕು ಸುಮ್ಮನಾದರು. ಕಾರಣ ಹುಡುಕಲು ನನಗೆ ಎರಡು ದಿನ ಬೇಕಾಯಿತು. ಕೊಬ್ಬು ಕರಗಿಸುವ ಕಿಣ್ವ ಲೈಪೋಪ್ರೋಟೀನ್ ಲೈಪೇಸ್, ರಕ್ತನಾಳದ ಗೋಡೆಗೆ ಅಂಟಿಕೊಂಡಿರುತ್ತದೆ. ಹೆಪಾರಿನ್ ಅದನ್ನು ಅಲ್ಲಿಂದ ಬಿಡಿಸುತ್ತದೆ, ಅಷ್ಟೇ. ಗಾಜಿನ ಟ್ಯೂಬಿಗೆ ಎಲ್ಲಿಯ ಗೋಡೆ?

ಮೇಷ್ಟ್ರು ಈಗಿಲ್ಲ. ನಾನು ಲ್ಯಾಬಿನಲ್ಲಿದ್ದೇನೆ. ಟ್ರೈಗ್ಲಿಸರೈಡ್ ಡೆಸಿಲೀಟರಿಗೆ 400 ಮಿಲಿಗ್ರಾಂ ದಾಟಿದರೆ, ನೇರ ಅಳೆಯದೆ ಬೇರೆ ಅಂಕಿಗಳಿಂದ ಲೆಕ್ಕ ಹಾಕಿ ತೆಗೆಯುವ ಎಲ್‌ಡಿಎಲ್ ನಂಬುವಂತಿಲ್ಲ, ಆ ಜಾಗ ಖಾಲಿ ಬಿಡುತ್ತೇವೆ. ಅಂಥ ಸೀರಮ್ ಬಂದ ದಿನ ಸಂಜೆ ಒಂದಿಷ್ಟನ್ನು ಬೇರೆ ಟ್ಯೂಬಿಗೆ ಬಗ್ಗಿಸಿ ಫ್ರಿಜ್ಜಿನಲ್ಲಿಡುತ್ತೇನೆ. ಅಲ್ಲಾಡಿಸುವುದಿಲ್ಲ.