ಹೊಸ ವಿಮಾನ ಬಂತು ಸರಿ, ವಾಪಸ್ ಟಿಕೆಟ್ ಯಾವತ್ತಿಗೆ?

ದ್ವೀಪಕ್ಕೆ ಹೊಸ ವಿಮಾನ ಶುರು ಎಂದು ಪೇಪರಿನಲ್ಲಿ ಬಂದ ದಿನ ನಮ್ಮ ಟ್ರಾವೆಲ್ಸ್ ಆಫೀಸಿನ ಫೋನಿಗೆ ಬಿಡುವಿರುವುದಿಲ್ಲ. 2024ರ ಮಾರ್ಚ್ 31ರಿಂದ ಇಂಡಿಗೋ ಬೆಂಗಳೂರು–ಅಗತ್ತಿ ನೇರ ವಿಮಾನ ಶುರು ಮಾಡಿದಾಗಲೂ ಹಾಗೇ ಆಯಿತು. ಅಗತ್ತಿ ಎಂದರೆ ಲಕ್ಷದ್ವೀಪದಲ್ಲಿ ವಿಮಾನ ಇಳಿಯುವ ಜಾಗ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯಿಂದ ಕೇಳುವವರದ್ದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. "ಶುಕ್ರವಾರ ಹೊರಟು ಸೋಮವಾರ ಕೆಲಸಕ್ಕೆ ಬರೋ ಹಾಗೆ ಮಾಡ್ಕೊಡಿ ಸಾರ್. ಸ್ಕೂಬಾ ಡೈವಿಂಗ್ ಅಂತೂ ಬೇಕೇ ಬೇಕು."

ಮಾಡಿಕೊಡಬಹುದು. ಆದರೆ ನೀರಿಗಿಳಿಯುವವರ ಟಿಕೆಟನ್ನು ನಾನು ಕೊನೆಯಿಂದ ಹಾಕುತ್ತಾ ಬರುತ್ತೇನೆ. ಮೊದಲು ವಾಪಸ್ ವಿಮಾನ ಎಷ್ಟು ಹೊತ್ತಿಗೆ ಎಂದು ನೋಡುವುದು. ಅಲ್ಲಿಂದ ಹಿಂದಕ್ಕೆ ಎಣಿಸಿ ಕೊನೆಯ ಡೈವ್ ಯಾವಾಗ ಮುಗಿಯಬೇಕು ಎಂದು ಲೆಕ್ಕ ಹಾಕುವುದು. ಹೋಗುವ ದಿನ ಆಮೇಲೆ. ಹೋಗುವ ಟಿಕೆಟ್ ಅಗ್ಗಕ್ಕೆ ಸಿಕ್ಕಿತು ಅಂತ ಅದನ್ನೇ ಮೊದಲು ಬುಕ್ ಮಾಡಿಕೊಂಡು ಬಂದರೆ ನನಗೆ ಕೈಕಾಲು ಕಟ್ಟಿದ ಹಾಗೆ.

ಸಾಗರದ ಹುಡುಗನೊಬ್ಬ ಅಂಡಮಾನ್ ಪ್ಲಾನನ್ನು ತಾನೇ ಮಾಡಿ ಮೊಬೈಲಿನಲ್ಲಿ ತಂದು ತೋರಿಸಿದ. ಕೊನೆಯ ದಿನ ಹೀಗಿತ್ತು: ಬೆಳಿಗ್ಗೆ 7ಕ್ಕೆ ಹ್ಯಾವ್ಲಾಕ್‌ನಲ್ಲಿ ಎರಡು ಡೈವ್, ಬಳಿಕ ಫೆರ್ರಿ, ಮಧ್ಯಾಹ್ನ ಪೋರ್ಟ್‌ಬ್ಲೇರ್‌ನಿಂದ ವಿಮಾನ. (ಸರ್ಕಾರಿ ಕಾಗದದಲ್ಲಿ ಈಗ ಇವು ಸ್ವರಾಜ್ ದ್ವೀಪ, ಶ್ರೀ ವಿಜಯ ಪುರಂ. ಕೌಂಟರಿನಲ್ಲಿ ಇನ್ನೂ ಹಳೇ ಹೆಸರೇ ಓಡುತ್ತಿದೆ.) ಫೆರ್ರಿ ಸಿಗುತ್ತದೆ, ವಿಮಾನವೂ ಸಿಗುತ್ತದೆ, ಒಂದು ನಿಮಿಷ ವ್ಯರ್ಥವಿಲ್ಲ. ಆದರೆ ಈ ಪ್ಲಾನ್ ಮೈಗೆ ಆಗಿಬರುವಂಥದ್ದಲ್ಲ.

ಯಾಕೆ ಅಂದರೆ, ನೀರಿನಲ್ಲಿ ಪ್ರತಿ 10 ಮೀಟರ್ ಇಳಿದ ಹಾಗೆ ಮೈಮೇಲಿನ ಒತ್ತಡ ಒಂದು ವಾತಾವರಣದಷ್ಟು ಜಾಸ್ತಿಯಾಗುತ್ತದೆ. 18 ಮೀಟರಿಗೆ ಹೋದರೆ ನೆಲದ ಮೇಲಿದ್ದದ್ದಕ್ಕಿಂತ ಹತ್ತಿರ ಹತ್ತಿರ ಮೂರು ಪಟ್ಟು. ಸಿಲಿಂಡರಿನಲ್ಲಿ ಇರುವುದು ಮಾಮೂಲಿ ಗಾಳಿ, ಅದರ ಮುಕ್ಕಾಲು ಪಾಲಿಗೂ ಹೆಚ್ಚು ನೈಟ್ರೋಜನ್. ಆ ಒತ್ತಡದಲ್ಲಿ ಉಸಿರಾಡಿದಾಗ ನೈಟ್ರೋಜನ್ ರಕ್ತ, ಕೊಬ್ಬು, ಕೀಲುಗಳಲ್ಲೆಲ್ಲ ಕರಗಿ ಕೂರುತ್ತದೆ. ಮೇಲೆ ಬರುವಾಗ ನಿಧಾನಕ್ಕೆ ಬರಿಸುವುದು, 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲಿಸುವುದು ಎಲ್ಲ ಅದು ಮೆತ್ತಗೆ ಉಸಿರಿನಲ್ಲಿ ಹೊರಗೆ ಹೋಗಲಿ ಅಂತ. ದೋಣಿ ಹತ್ತಿ ಟವೆಲ್ ಸುತ್ತಿಕೊಂಡ ಮಾತ್ರಕ್ಕೆ ಅದು ಖಾಲಿಯಾಗಿರುವುದಿಲ್ಲ. ಗಂಟೆಗಟ್ಟಲೆ ಬೇಕು.

ಅಷ್ಟರಲ್ಲಿ ವಿಮಾನ ಹತ್ತಿದರೆ? ಒಳಗೆ ಎ.ಸಿ. ಇದೆ, ಬಾಗಿಲು ಮುಚ್ಚಿದೆ, ಆದ್ದರಿಂದ ನೆಲದ ಮೇಲಿದ್ದ ಹಾಗೇ ಅಂತ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. ದೊಡ್ಡ ವಿಮಾನ ಎತ್ತರದಲ್ಲಿ ಹಾರುವಾಗ ಒಳಗಿನ ಗಾಳಿಯ ಒತ್ತಡ ಸುಮಾರು 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿದ್ದಷ್ಟು. ನಮ್ಮ ರಾಜ್ಯದಲ್ಲೇ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಅಂದರೆ ಬೆಳಿಗ್ಗೆ ಸಮುದ್ರದ ತಳದಲ್ಲಿದ್ದವರು ಮಧ್ಯಾಹ್ನಕ್ಕೆ ಮುಳ್ಳಯ್ಯನಗಿರಿ ತುದಿಯಲ್ಲಿ ಕೂತ ಲೆಕ್ಕ. ಮೈಯಲ್ಲಿ ಉಳಿದ ನೈಟ್ರೋಜನ್ ಗುಳ್ಳೆಯಾಗುವ ಅಪಾಯ ಇರುವುದು ಆಗಲೇ. ಕೀಲು ನೋವು, ಜುಮುಗುಡುವುದು, ವಿಪರೀತ ಸುಸ್ತು. ಕೆಟ್ಟರೆ ನರಮಂಡಲಕ್ಕೇ ಪೆಟ್ಟು. ಇದಕ್ಕೆ ಸರಿಯಾದ ಚಿಕಿತ್ಸೆ ಒತ್ತಡದ ಕೋಣೆಯಲ್ಲಿ ಮಲಗಿಸಿ ಆಮ್ಲಜನಕ ಕೊಡುವುದು. ಅಂಥ ಕೋಣೆ ಎಲ್ಲ ಊರಿನ ಆಸ್ಪತ್ರೆಯಲ್ಲೂ ಇರುವುದಿಲ್ಲ.

ಡೈವಿಂಗ್ ಸುರಕ್ಷತೆಯ ಅಂತರರಾಷ್ಟ್ರೀಯ ಸಂಸ್ಥೆ 'ಡ್ಯಾನ್' ಹೇಳುವ ಲೆಕ್ಕ ಇದು: ಒಂದೇ ಒಂದು ಡೈವ್ ಮಾಡಿದ್ದರೆ ಕನಿಷ್ಠ 12 ಗಂಟೆ ವಿಮಾನ ಹತ್ತಬೇಡಿ. ಒಂದಕ್ಕಿಂತ ಜಾಸ್ತಿ, ಅಥವಾ ದಿನಾ ಇಳಿದಿದ್ದರೆ 18 ಗಂಟೆ. ಮೇಲೆ ಬರುವಾಗ ನಡುವೆ ಕಡ್ಡಾಯವಾಗಿ ನಿಲ್ಲಲೇಬೇಕಾದಂಥ ಆಳದ ಡೈವ್ ಆದರೆ ಇನ್ನೂ ಜಾಸ್ತಿ. ನಾನು ಸುಮ್ನೆ ಎಲ್ಲರಿಗೂ 24 ಗಂಟೆ ಹಾಕಿಬಿಡುತ್ತೇನೆ. ಗಿರಾಕಿಗಳು ಒಂದು ರಾತ್ರಿ ರೂಮಿನ ದುಡ್ಡು ಜಾಸ್ತಿಯಾಯಿತು ಅಂತ ಗೊಣಗುತ್ತಾರೆ. ಗೊಣಗಲಿ.

"ಎಟಿಆರ್ ವಿಮಾನ ಕೆಳಗೇ ಹಾರುತ್ತೆ ಅಲ್ವಾ, ಅದಕ್ಕೂ ಇದೆಲ್ಲ ಬೇಕಾ?" ಎಂದು ಕೇಳಿದವರೂ ಇದ್ದಾರೆ. ಬೇಕು. ಎಟಿಆರ್ ರೆಕ್ಕೆಗೆ ಫ್ಯಾನ್ ಇರುವ ಸಣ್ಣ ವಿಮಾನವಾದರೂ ಅದು ಮೋಡದ ಮಟ್ಟಕ್ಕೆ ಹೋಗಿಯೇ ಹೋಗುತ್ತದೆ. ಮಾಲ್ಡೀವ್ಸ್‌ನಲ್ಲಿ ರೆಸಾರ್ಟಿಗೆ ಕರೆದೊಯ್ಯುವ ಸೀಪ್ಲೇನ್ ಕೂಡ ವಿಮಾನವೇ. ಅದು ಹಗಲು ಹೊತ್ತು ಮಾತ್ರ ಹಾರುತ್ತದೆ, ಹಾಗಾಗಿ ರಾತ್ರಿ ಮಾಲೆಗೆ ಇಳಿಯುವ ಅಗ್ಗದ ಟಿಕೆಟ್ ತೆಗೆದುಕೊಂಡವರು ಅಲ್ಲೊಂದು ರೂಮಿನ ಖರ್ಚನ್ನೂ ಸೇರಿಸಿಕೊಳ್ಳಬೇಕು.

ಇನ್ನು ಲಗೇಜು. ಅಗತ್ತಿಯ ರನ್‌ವೇ ಸುಮಾರು 1,200 ಮೀಟರ್ ಅಷ್ಟೇ. ನಮ್ಮ ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದ್ದು 3,200. ಆ ಪುಟ್ಟ ದ್ವೀಪದಲ್ಲಿ ಎರಡೂ ತುದಿಗೆ ಸಮುದ್ರ. ಅದಕ್ಕೇ ಅಲ್ಲಿಗೆ ಎಟಿಆರ್‌ನಂಥ ಸಣ್ಣ ವಿಮಾನ ಮಾತ್ರ. ರನ್‌ವೇ ಗಿಡ್ಡ, ಮೇಲಿಂದ ಬಿಸಿಲು, ಎರಡೂ ಸೇರಿದರೆ ಭಾರದ ವಿಷಯದಲ್ಲಿ ಕಟ್ಟುನಿಟ್ಟು ಇದ್ದೇ ಇರುತ್ತದೆ. ಸ್ವಂತ ರೆಗ್ಯುಲೇಟರ್ (ಸಿಲಿಂಡರಿನ ಗಾಳಿ ಉಸಿರಾಡುವ ಸಾಧನ), ಫಿನ್ಸ್, ಸೂಟ್ ಎಲ್ಲ ಹೊತ್ತು ಹೊರಡುವವರು ಮೊದಲೇ ತೂಕ ಮಾಡಿಸಿ. ಟಾರ್ಚಿನ ಬಿಡಿ ಲಿಥಿಯಂ ಬ್ಯಾಟರಿಗಳು ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಬ್ಯಾಗಿಗೆ ಹಾಕುವ ಹಾಗಿಲ್ಲ. ಹೊಸಬರು ಏನನ್ನೂ ಹೊರುವುದು ಬೇಡ, ಅಲ್ಲಿ ಬಾಡಿಗೆಗೆ ಸಿಗುತ್ತದೆ. ಲಕ್ಷದ್ವೀಪಕ್ಕೆ ಪರ್ಮಿಟ್ ಬೇಕೇ ಬೇಕು, ಅದು ಕೈಗೆ ಬರುವ ಮುಂಚೆ ರೀಫಂಡ್ ಇಲ್ಲದ ಟಿಕೆಟ್ ತೆಗೆಯುವುದು ಬೇಡ.

ಹೊಸ ಮಾರ್ಗಗಳ ಬಗ್ಗೆ ಒಂದು ಗುಟ್ಟು ಹೇಳುತ್ತೇನೆ, ಗುಟ್ಟೇನೂ ಅಲ್ಲ, ಯಾರೂ ಗಮನಿಸುವುದಿಲ್ಲ ಅಷ್ಟೇ. ವಿಮಾನಗಳ ವೇಳಾಪಟ್ಟಿ ವರ್ಷಕ್ಕೆ ಎರಡು ಸಲ ಬದಲಾಗುತ್ತದೆ, ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ. ಅಗತ್ತಿ ವಿಮಾನ ಶುರುವಾದ ಮಾರ್ಚ್ 31 ಅಂಥದ್ದೇ ಒಂದು ಭಾನುವಾರ. ಅದಕ್ಕೇ ದೀಪಾವಳಿ, ಕ್ರಿಸ್‌ಮಸ್ ರಜಕ್ಕೆ ಬೇಸಿಗೆಯಲ್ಲೇ ಟಿಕೆಟ್ ತೆಗೆದವರು ಅಕ್ಟೋಬರಿನಲ್ಲಿ ಸಮಯ ಬದಲಾಗಿದೆಯೇ ಎಂದು ಮತ್ತೊಮ್ಮೆ ನೋಡಿಕೊಳ್ಳಬೇಕು. ಸಣ್ಣ ಊರುಗಳಿಗೂ ವಿಮಾನ ಓಡಿಸುವ ಕೇಂದ್ರ ಸರ್ಕಾರದ ಉಡಾನ್ ಯೋಜನೆಯ ಮಾರ್ಗವಾದರೆ ಇನ್ನೊಂದು ಮಾತಿದೆ. ಅದಕ್ಕೆ ಸರ್ಕಾರದ ಸಹಾಯಧನ ಸಿಗುವುದು ಮೂರು ವರ್ಷ. ಆಮೇಲೆ ಸೀಟು ತುಂಬದಿದ್ದರೆ ಕಂಪನಿ ಯಾಕೆ ಓಡಿಸುತ್ತದೆ? ವಿಮಾನ ರದ್ದಾದರೆ ಟಿಕೆಟ್ ದುಡ್ಡು ವಾಪಸ್ ಬರುತ್ತದೆ. ರೆಸಾರ್ಟಿಗೆ ಕಟ್ಟಿದ ಅಡ್ವಾನ್ಸ್ ವಿಮಾನದ ಕಂಪನಿ ಕೊಡುವುದಿಲ್ಲ.

ಸೋಗಾನೆಯಿಂದ 2023ರ ಆಗಸ್ಟ್ 31ಕ್ಕೆ ವಿಮಾನ ಸಂಚಾರ ಶುರುವಾದ ಮೇಲೆ ಬೆಂಗಳೂರಿನಲ್ಲಿ ಇಳಿದು ಅಲ್ಲೇ ದ್ವೀಪದ ವಿಮಾನ ಹಿಡಿಯುವ ಆಸೆ ನಮ್ಮವರಿಗೆ ಸಹಜ. ಎರಡೂ ಒಂದೇ ಪಿಎನ್‌ಆರ್‌ನಲ್ಲಿದ್ದರೆ ಧಾರಾಳವಾಗಿ ಮಾಡಿ. ಬೇರೆ ಬೇರೆ ಟಿಕೆಟ್ ಆದರೆ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಯಾರೂ ಹೊಣೆ ಅಲ್ಲ. ಮಲೆನಾಡಿನ ಮೋಡ ಯಾರ ಮಾತೂ ಕೇಳುವುದಿಲ್ಲ, ಮಾರಾಯ್ರೆ. ಹಿಂದಿನ ರಾತ್ರಿಯ ತಾಳಗುಪ್ಪ–ಮೈಸೂರು ರೈಲಿನಲ್ಲಿ ಮಲಗಿಕೊಂಡು ಹೋಗಿ, ಮೆಜೆಸ್ಟಿಕ್‌ನಿಂದ ವಿಮಾನ ನಿಲ್ದಾಣದ ವಾಯುವಜ್ರ ಬಸ್ ಹತ್ತಿ. ನಿದ್ದೆಯೂ ಆಗುತ್ತದೆ.

ವಿಮಾನವೇ ಬೇಡ, ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದ ಹತ್ತಿರ ನೀರಿಗಿಳಿದು ಬರುತ್ತೇವೆ ಅನ್ನುವವರಿಗೂ ಇದೇ ಲೆಕ್ಕದ ಸಣ್ಣ ಪಾಲಿದೆ. ಸಮುದ್ರ ಮಟ್ಟದಿಂದ 300 ಮೀಟರ್ ದಾಟಿದರೆ ಡೈವಿಂಗ್ ಲೆಕ್ಕದಲ್ಲಿ ಅದು ಎತ್ತರವೇ. ಗೇರುಸೊಪ್ಪೆ ಘಾಟಿ ಹತ್ತಿ ಸಾಗರ, ಶಿವಮೊಗ್ಗ ಸೇರುವಷ್ಟರಲ್ಲಿ 600 ಮೀಟರಿನ ಆಸುಪಾಸಿಗೆ ಬಂದಿರುತ್ತೀರಿ. ವಿಮಾನದಷ್ಟು ಭಯ ಬೇಡ, ಆದರೆ ಎರಡು ಡೈವ್ ಮುಗಿಸಿ ಊಟ ಮಾಡಿ ನೇರ ಘಾಟಿ ಹತ್ತುವುದು ಬೇಡ. ಆ ರಾತ್ರಿ ಮುರುಡೇಶ್ವರದಲ್ಲೇ ಉಳಿದು ಮರುದಿನ ಹೊರಡಿ. ಅಲ್ಲಿ ಡೈವಿಂಗ್ ನಡೆಯುವುದು ಸಾಮಾನ್ಯವಾಗಿ ಅಕ್ಟೋಬರಿನಿಂದ ಮೇ ತನಕ. ಶನಿವಾರ ಇಳಿದು ಭಾನುವಾರ ವಾಪಸ್ ಬರುವ ಹಾಗೆ ರೂಮು ಹಿಡಿದರೆ ಸೋಮವಾರದ ಕೆಲಸಕ್ಕೂ ತೊಂದರೆಯಿಲ್ಲ.